ಬೀಳುವ ಜಾಗದ ಗುರುತು

ಇಲ್ಲ ಅಂದ್ರೆ ಇಲ್ಲ, ಡೆಲ್ಫಿನಾ! ಎಷ್ಟು ಸಲ ಹೇಳಬೇಕು ನಿಂಗೆ? ಆ ಹಾಳೆ ಮಡಚಿ ಚೀಲದಲ್ಲಿ ಇಟ್ಕೋ. ನನ್ನ ಮೂಗಿಗೆ ಹಿಡೀಬೇಡ. ಓದೋಕೆ ಕನ್ನಡಕ ಇಲ್ಲ... ಇದಾ? ಇದು ಟೀವಿ ನೋಡೋ ಕನ್ನಡಕ. ಅದು ಬೇರೆ, ಇದು ಬೇರೆ. ಬೇರೆ ಅಂದ್ನಲ್ಲ!

ಕೂತ್ಕೋ ಮೊದಲು. ಬಾಗಿಲಲ್ಲೇ ನಿಂತಿದ್ದೀಯಲ್ಲ, ವಾರಂಟು ತಂದ ಷೆರೀಫನ ಹಾಗೆ. ಬೆಕ್ಕನ್ನ ಕೆಳಗೆ ತಳ್ಳು, ಆ ಕುರ್ಚಿ ಅದರಪ್ಪಂದೇನಲ್ಲ. ಕಾಫಿ ಇದೆ, ಬೆಳಗಿಂದು, ಕಹಿ ವಿಷ ಆಗಿರುತ್ತೆ, ಬೇಕಾದ್ರೆ ಕುಡಿ. ಬೇಡ್ವಾ? ಬೇಡದಿದ್ರೆ ಬಿಡು. ಇಷ್ಟು ವರ್ಷ ನನ್ನ ನಿಮ್ಮ ಸ್ಪ್ಯಾನಿಷಲ್ಲಿ ಮರ್ಯಾದೆ ಕೊಟ್ಟು ‘ಡಾನ್ ವರ್ಜಿಲ್ಯೊ, ಡಾನ್ ವರ್ಜಿಲ್ಯೊ’ ಅಂತ ಬಾಯ್ತುಂಬ ಕರೀತಿದ್ದೋಳು ಇವತ್ತು ಬಾಗಿಲು ತಟ್ಟಿ ‘ಮಿಸ್ಟರ್ ಟ್ಯಾಕೆಟ್’ ಅಂದೆಯಲ್ಲ, ಆಗಲೇ ಅಂದ್ಕೊಂಡೆ, ಇದ್ಯಾಕೋ ಸರಿಯಿಲ್ಲ ಅಂತ.

ನೋಡಮ್ಮಾ. ಚೆಪೊ ನಿನ್ನ ಗಂಡ. ನನಗೂ ಅವನು ಗೆಳೆಯನೇ. ಏಪ್ರಿಲ್‌ನಲ್ಲಿ ಅವನ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ನಾನೂ ಒಬ್ಬ. ಈ ಸೊಂಟ ಇಟ್ಕೊಂಡು! ಅದನ್ನ ಮರೀಬೇಡ. ಈಗ ಸವಾರರ ಸಂಘದೋರು ಊರ ಚೌಕದಲ್ಲಿ ಗೋಡೆ ಕಟ್ಟಿಸಿ, ಸಿನಿಮಾಕ್ಕೆ ಕುದುರೆ ಓಡಿಸಿದ ಹಳೇ ಸವಾರರ ಹೆಸರು ಕೆತ್ತಿಸ್ತಾರಂತೆ. ಚೆಪೊ ಓಲ್ವೆರಾ ಹೆಸರು ಮಾತ್ರ ಬೇಡ ಅಂದ್ರಂತೆ. ಕುಡಿದು ಕುದುರೆ ಹತ್ತಿದ್ದ, ಅದಕ್ಕೇ ಬಿದ್ದು ಬೆನ್ನು ಮುರ್ಕೊಂಡ ಅಂತ ಹಳೇ ಕಾಗದದಲ್ಲಿ ಇದೆಯಂತೆ. ಅದಕ್ಕೆ ನಾನೇನು ಮಾಡಲಿ? ನಾನು ಬರೆದ್ನಾ ಆ ಕಾಗದ? ಕಂಪನಿ ಡಾಕ್ಟರ್ ಬರೆದ. ಹೋಗಿ ಅವನನ್ನ ಕೇಳು. ಸತ್ತಿದ್ದಾನೆ, ಗೊತ್ತು. ಡೈರೆಕ್ಟರೂ ಸತ್ತ, ಕ್ಯಾಮೆರಾದೋನೂ ಸತ್ತ. ಎಲ್ಲಾ ಜಾಣರು! ಆವತ್ತು ಅಲ್ಲಿದ್ದೋರಲ್ಲಿ ಉಳಿದಿರೋ ದಡ್ಡ ನಾನೊಬ್ಬ. ಅದಕ್ಕೆ ಸಹಿ ಹಾಕು ಅಂತ ನನ್ನ ಹತ್ರ ಬಂದಿದ್ದೀಯ.

ಶುಕ್ರವಾರದೊಳಗೆ ಬೇಕಂತೆ! ಇಪ್ಪತ್ತೆರಡು ವರ್ಷ ಇಲ್ಲದ ಅವಸರ!

ಶ್... ತಡಿ. ತಡಿ ಸ್ವಲ್ಪ. ಜಾಹೀರಾತು ಮುಗೀತು. ನೋಡು, ನೋಡು... ಬಂದೆ! ಅಗೋ, ಬಾರಿನ ಮೂಲೇಲಿ, ಎಡಗಡೆ, ಗಡ್ಡ. ಅದು ನಾನು. ಯಾಕೆ ನಗ್ತೀಯ? ಆಗ ಕೂದಲಿತ್ತು ನನಗೆ... ಹೋಯ್ತು. ನೋಡಿದ್ಯಾ? ಮೂರು ಸೆಕೆಂಡು. ಅದರಲ್ಲಿ ಎರಡು ಸೆಕೆಂಡು ಹೀರೋ ಭುಜ ನನ್ನ ಬಾಯಿ ಮುಚ್ಚಿತ್ತು.

ತಡಿ ತಡಿ. ಓಹೋ... ಈಗ ಗೊತ್ತಾಯ್ತು. ಇದೇ ಸಿನಿಮಾ ಅಲ್ವಾ! ಚೆಪೊ ಬಿದ್ದದ್ದು ಇದರಲ್ಲೇ. ಇವತ್ತು ಎರಡು ಗಂಟೆಗೆ ಟೀವಿಯಲ್ಲಿ ಬರುತ್ತೆ ಅಂತ ಪೇಪರ್ ನೋಡ್ಕೊಂಡೇ ಬಂದಿದ್ದೀಯ ನೀನು! ಹೌದು ತಾನೇ? ಕಣ್ಣು ತಪ್ಪಿಸಬೇಡ. ಆಹಾ, ಏನು ಬುದ್ಧಿ! ನನ್ನ ಕುರ್ಚಿ ಮೇಲೆ ಕೂತು, ನನ್ನ ಎದುರಿಗೇ ಅವನು ಬೀಳೋದು ತೋರಿಸಿ, ನನ್ನ ಕೈಗೆ ಪೆನ್ನು ಕೊಡೋಣ ಅಂತ! ಆರಿಸಿಬಿಡ್ತೀನಿ. ಈಗಲೇ ಆರಿಸಿಬಿಡ್ತೀನಿ ಇದನ್ನ.

...ಇಲ್ಲ. ಯಾಕೆ ಆರಿಸಲಿ? ನನ್ನ ಮನೆ, ನನ್ನ ಟೀವಿ, ನನ್ನ ಸಿನಿಮಾ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಆಸಾಮಿ ಅಲ್ಲ ನಾನು.

ನಿಂಗೆ ಗೊತ್ತಾ, ಈ ಟೀವಿಯೋರು ಏನು ಮಾಡ್ತಾರೆ ಅಂತ? ಹೋದ ತಿಂಗಳು ಇನ್ನೊಂದು ಹಾಕಿದ್ರು. ಅದರಲ್ಲಿ ನಾನು ಗುಂಡು ತಿಂದು ಕುದುರೆ ನೀರಿನ ತೊಟ್ಟಿಗೆ ಬೀಳ್ತೀನಿ. ಜನವರಿ ಚಳಿ, ಮೂರು ಸಲ ಬೀಳಿಸಿದ್ರು, ಹಲ್ಲು ಕಟಕಟ ಅಂತಿತ್ತು. ಗುಂಡು ಢಂ ಅಂತು, ನಾನು ಎದೆ ಹಿಡ್ಕೊಂಡೆ, ತೊಟ್ಟಿ ಕಡೆ ವಾಲಿದೆ... ಬಟ್ಟೆ ಸೋಪು! ಯಾವಳೋ ಹೆಂಗಸು ಹಲ್ಲು ಕಿರಿದು ಬಿಳೀ ಅಂಗಿ ತೋರಿಸ್ತಿದ್ದಾಳೆ! ತಿರುಗಿ ಬರೋ ಹೊತ್ತಿಗೆ ನಾನು ಸತ್ತಾಗಿದೆ, ಹೀರೋ ಕುದುರೆ ಹತ್ತಾಗಿದೆ. ನೆಮ್ಮದಿಯಾಗಿ ಸಾಯೋಕೂ ಬಿಡಲ್ಲ ಮುಂಡೇಮಕ್ಕಳು! ಅರವತ್ಮೂರು ಸಿನಿಮಾದಲ್ಲಿ ಸತ್ತಿದ್ದೀನಿ ಡೆಲ್ಫಿನಾ. ಗುಂಡಿಗೆ, ಚಾಕುವಿಗೆ, ನೇಣಿಗೆ, ಒಂದು ಸಲ ಹಾವಿಗೆ. ಒಂದರಲ್ಲೂ ನನ್ನ ಪಾತ್ರಕ್ಕೊಂದು ಹೆಸರಿಲ್ಲ. ‘ಎರಡನೇ ಕಳ್ಳ.’ ‘ಗಡ್ಡದೋನು.’ ‘ಬಾರಲ್ಲಿ ನಗೋನು.’ ಮೊನ್ನೆ ಅಂಗಡೀಲಿ ಒಬ್ಬಳು ನನ್ನ ಮುಖ ನೋಡಿ ನೋಡಿ, ‘ನಿಮ್ಮನ್ನ ಎಲ್ಲೋ ನೋಡಿದೀನಿ, ನಮ್ಮ ಭಾವನ ಜೊತೆ ಬ್ಯಾಂಕಲ್ಲಿ ಇದ್ರಲ್ವಾ’ ಅಂದಳು. ಬ್ಯಾಂಕು! ನಾನು ಬ್ಯಾಂಕು ಲೂಟಿ ಮಾಡೋನು ಕಣಮ್ಮಾ, ಅಲ್ಲಿ ಕೆಲಸ ಮಾಡೋನಲ್ಲ ಅಂದೆ. ಹೆದರಿಕೊಂಡು ಮೊಟ್ಟೆ ಬುಟ್ಟಿ ಕೈಬಿಟ್ಟಳು.

ನಗು, ನಗು. ನೀನು ನಕ್ಕರೆ ನನಗೂ ಸ್ವಲ್ಪ ಉಸಿರು ಬರುತ್ತೆ.

...ಮತ್ತೆ ಹಾಳೆ ಮುಂದೆ ತಳ್ತೀಯ! ಥೂ!

ಸರಿ. ಕೇಳು ಇಲ್ಲಿ. ನಿನ್ನ ಗಂಡ ದೊಡ್ಡ ಸವಾರ. ಯಾರು ಇಲ್ಲ ಅಂದ್ರು? ಕುದುರೆ ಸಮೇತ ಬೀಳೋದರಲ್ಲಿ ಈ ಕಣಿವೇಲೇ ಅವನಂಥೋನು ಇನ್ನೊಬ್ಬ ಇರಲಿಲ್ಲ. ಹೀರೋಗಳು ಕುದುರೆ ಮೇಲೆ ಕೂತು ಗಲ್ಲ ಎತ್ತಿ ಪಟ ತೆಗೆಸ್ಕೊಳ್ಳೋರು. ಬೀಳೋ ಹೊತ್ತಿಗೆ ಅವರ ಟೋಪಿ, ಅವರ ಅಂಗಿ ಹಾಕ್ಕೊಂಡು ಚೆಪೊ ಹತ್ತೋನು. ಮುನ್ನೂರು ಸಲ ಬಿದ್ದಿದ್ದಾನೆ. ಎದ್ದ ತಕ್ಷಣ ಮೊದಲು ಕುದುರೆ ಕಾಲು ತಡವಿ ನೋಡೋನು, ಆಮೇಲೆ ತನ್ನ ಕಾಲು. ಅಂಥೋನಿಗೂ ಆವತ್ತೊಂದಿನ ತಪ್ತು. ಮನುಷ್ಯ ಅಂದ್ಮೇಲೆ ತಪ್ತಾನೆ. ಅಷ್ಟೇ! ಕುಡಿದಿದ್ನೋ, ನಿದ್ದೆ ಕೆಟ್ಟಿದ್ನೋ, ನನಗೇನು ಗೊತ್ತು? ನಾನು ಅವನ ಬಾಯಿ ಮೂಸಿ ನೋಡಿದ್ನಾ?

ಹೌದು, ಡಾಕ್ಟರ್ ಮೂಸಿ ನೋಡಿದ. ವಿಸ್ಕಿ ವಾಸನೆ ಬಂತು, ಬರೆದ. ವಾಸನೆ ಬಂದದ್ದಂತೂ ಸುಳ್ಳಲ್ಲವಲ್ಲ... ಹಾಗೆ ನೋಡಬೇಡ ನನ್ನ. ನೋಡಬೇಡ ಅಂದೆ! ಏನು, ಆ ವಿಸ್ಕಿ ಎಲ್ಲಿಂದ ಬಂತು ಅಂತಾನಾ? ಬಾಟ್ಲಿ ಯಾರದ್ದು ಅಂತಾನಾ?

ನಂದು! ನಂದೇ! ಸಾಕಾ? ನೆಲದ ಮೇಲೆ ಬಿದ್ದಿದ್ದ. ಮುಖ ಸುಣ್ಣ ಆಗಿತ್ತು. ‘ಕಾಲು ಇದೆಯಾ ನೋಡು ವರ್ಜಿಲ್, ನನ್ನ ಕಾಲು ಇದೆಯಾ ನೋಡು’ ಅಂತ ಒಂದೇ ಸಮ ಕೇಳ್ತಿದ್ದ. ಡಾಕ್ಟರ್ ಬರೋಕೆ ನಲವತ್ತು ನಿಮಿಷ ಹಿಡೀತು. ನನ್ನ ಜೇಬಲ್ಲಿ ಚಪ್ಪಟೆ ಬಾಟ್ಲಿ ಇತ್ತು, ಎರಡು ಗುಟುಕು ಬಾಯಿಗೆ ಬಿಟ್ಟೆ. ಅರ್ಧ ಮೀಸೆ ಮೇಲೆ, ಅಂಗಿ ಮೇಲೆ ಚೆಲ್ತು. ತಪ್ಪಾ ಅದು? ನೋವಲ್ಲಿ ಒದ್ದಾಡೋನಿಗೆ ಒಂದು ಗುಟುಕು ಕೊಟ್ಟದ್ದು ತಪ್ಪಾ? ನೀನೇ ಹೇಳು!

ಆವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳ್ತಿದೆ ನಿನ್ನ ಮುಖ. ಹೇಳೋದು ಸುಲಭ! ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಕಂಪನಿಯೋರು ಬಂದ್ರು. ಬಿದ್ದೋನು ಮೆಕ್ಸಿಕನ್ನು, ಬಾಯಲ್ಲಿ ವಿಸ್ಕಿ, ಮುಗೀತು ಕತೆ! ನನ್ನಂಥ ಓಕ್ಲಹೋಮಾದ ಬಿಳಿ ತೊಗಲಿನೋನು ಬಿದ್ದಿದ್ರೆ ‘ಪಾಪ, ಕುದುರೆ ಬೆದರಿತು’ ಅಂತ ಬರೀತಿದ್ರು. ಚೆಪೊ ಅಂದ್ಮೇಲೆ ಎರಡನೇ ಪ್ರಶ್ನೆಯೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯ್ತು ಡೆಲ್ಫಿನಾ, ಈಗಲೂ ಉರಿಯುತ್ತೆ. ಅವನೋ, ಬೆಳಗಿನ ಕೆಲಸ ಇದ್ರೆ ಹಿಂದಿನ ದಿನ ಬಿಯರ್ ಕೂಡ ಮುಟ್ತಿರಲಿಲ್ಲ! ಕುದುರೆಗೆ ವಾಸನೆ ಗೊತ್ತಾಗುತ್ತೆ, ಅದು ಬೇಜಾರು ಮಾಡ್ಕೊಳ್ಳುತ್ತೆ ಅನ್ನೋನು. ಕುದುರೆಗೆ ಬೇಜಾರಂತೆ!

ಅಳ್ತೀಯಾ? ಅಳಬೇಡ. ಅಳ್ತಿಲ್ವಾ? ಮತ್ತೆ ಕಣ್ಣು ಯಾಕೆ ಒರೆಸ್ಕೊಂಡೆ?

ಸರಿ, ಸಹಿ ಹಾಕಿದೆ ಅಂತಲೇ ಇಟ್ಕೋ. ಕುಡಿದಿರಲಿಲ್ಲ, ವಾಸನೆ ನನ್ನ ಬಾಟ್ಲಿದು. ಆಮೇಲೆ? ಸಂಘದಲ್ಲಿರೋರೆಲ್ಲ ಮುದಿ ಸವಾರರು, ಅವರೇನು ಕಿವಿಗೆ ಹೂ ಇಟ್ಕೊಂಡಿದ್ದಾರಾ? ಮುಂದಿನ ಮಾತು ಏನು ಕೇಳ್ತಾರೆ ಗೊತ್ತಾ? ಕುಡಿಯದೇ ಇದ್ದೋನು, ಮುನ್ನೂರು ಸಲ ಬಿದ್ದೋನು, ಬೀಳೋಕೆ ಅಂತಲೇ ಅಗೆದ ಮೆತ್ತನೆ ಹಾಸಿಗೆ ಬಿಟ್ಟು ಬಂಡೆ ಮೇಲೆ ಯಾಕೆ ಬಿದ್ದ? ಕೇಳ್ತಾರೋ ಇಲ್ವೋ? ಆಗ ನಾನೇನು ಬಾಯಿಗೆ ಬೀಗ ಹಾಕ್ಕೊಳ್ಳಲಾ?

ಹಾಸಿಗೆ ವಿಷಯ ನಿಂಗೆ ಹೇಳಿಕೊಡಬೇಕಾ! ಅವನ ಅಂಗೈ ಬೊಕ್ಕೆಗೆ ಎಣ್ಣೆ ಹಚ್ತಿದ್ದೋಳು ನೀನು. ಹಿಂದಿನ ದಿನ ತಾನೇ ಅಗೆಯೋನು. ಕಲ್ಲು ಒಂದೊಂದೇ ಆರಿಸಿ ತೆಗೆದು, ಮರಳು, ಮರದ ಹೊಟ್ಟು ತುಂಬಿ, ಮೇಲೆ ದಾರಿ ಧೂಳು ಹರಡೋನು. ಹರಡಿದ್ಮೇಲೆ ಹಾಸಿಗೆ ಯಾವುದು, ದಾರಿ ಯಾವುದು, ಹೆತ್ತ ತಾಯಿಗೂ ಗೊತ್ತಾಗಬಾರದು. ಗೊತ್ತಾದ್ರೆ ಕ್ಯಾಮೆರಾಗೂ ಗೊತ್ತಾಗುತ್ತಲ್ಲ! ಅದಕ್ಕೇ ಹಾಸಿಗೆ ಶುರುವಾಗೋ ಕಡೆ ಒಂದು ಒಣ ಕುರುಚಲು ಗಿಡ ನೆಡೋದು. ನೋಡಿದೋರಿಗೆ ಗಿಡ, ಸವಾರನಿಗೆ ಗುರುತು. ಗಿಡ ದಾಟಿದ ತಕ್ಷಣ ಲಗಾಮು ಎಳೆದು ಕುದುರೆ ಕತ್ತು ತಿರುಗಿಸಿದ್ರೆ, ಧೊಪ್ ಅಂತ ಮೆತ್ತಗೆ ಬೀಳುತ್ತೆ. ಬೀಳೋನೇ ನೆಡಬೇಕು ಅದನ್ನ. ಬೇರೆಯೋರು ಮುಟ್ಟೋ ಹಾಗಿಲ್ಲ. ಹೆಂಡತಿನ ಬೇಕಾದ್ರೂ ಮಾತಾಡಿಸಬಹುದು, ಗುರುತು ಮುಟ್ಟೋ ಹಾಗಿಲ್ಲ ಅಂತ ತಮಾಷೆ ಮಾಡ್ತಿದ್ವಿ.

ಆವತ್ತು ಆ ಜಾಗದಲ್ಲಿ ಬರೀ ಬಂಡೆ. ಎಷ್ಟು ಅಗೆದ್ರೂ ಎಂಟು ಹೆಜ್ಜೆ ಹಾಸಿಗೆ ಆಯ್ತು, ಅಷ್ಟೇ. ಯಾವಾಗಲೂ ಹದಿನೈದು ಹೆಜ್ಜೆ ಇರ್ತಿತ್ತು. ಹದಿನೈದು! ಎಂಟೇ ಇದೆ ಅಂತ ನನಗೆ ಯಾರೂ ಹೇಳಲಿಲ್ಲ. ಹೇಳಿದ್ರೆ ನಾನು ಯಾಕೆ...

ಏನಿಲ್ಲ. ಏನಿಲ್ಲ ಅಂದೆ. ಟೀವಿ ನೋಡು.

ಬಂತು. ಅದೇ ಬಂತು... ಬಂಡೆ. ನಾನು. ಬಂದೂಕು ಹಿಡಿದು ಕೂತಿದ್ದೀನಿ. ನೋಡು ಡೆಲ್ಫಿನಾ, ಪೂರಾ ಮುಖ! ಕಣ್ಣು, ಹುಬ್ಬು, ಗಡ್ಡದೊಳಗೆ ಕಚ್ಚಿದ ಹಲ್ಲು! ಹನ್ನೊಂದು ಸೆಕೆಂಡು ಯಾರ ಭುಜವೂ ಅಡ್ಡ ಇಲ್ಲ. ಹಿಂದೆ ಸಣ್ಣಗೆ ಧೂಳು ಏಳ್ತಿದೆಯಲ್ಲ, ಅದು ಚೆಪೊ ಬರ್ತಿರೋದು... ಈ ಹನ್ನೊಂದು ಸೆಕೆಂಡು ನೋಡಿಯೇ ಮುಂದಿನ ಸಿನಿಮಾಕ್ಕೆ ಕರೆದ್ರು ನನ್ನ, ಗೊತ್ತಾ? ಆಮೇಲಿನ ನಲವತ್ತೂ ಇದರಿಂದಲೇ. ಎಷ್ಟು ಚೊಕ್ಕ ಬಂದಿದೆ ನೋಡು. ಮೊದಲು ಏನು ಕಾಣ್ತಿತ್ತು ಗೊತ್ತಾ? ಬರೀ ಟೋಪಿ! ಮುಖದ ಮುಂದೆ ಸರಿಯಾಗಿ ಆ ದರಿದ್ರ ಗಿಡ...

...

ಬಿದ್ದ.

ಇದನ್ನೇ ಇಟ್ಕೊಂಡಿದ್ದಾರೆ ನೋಡು ಸಿನಿಮಾದಲ್ಲಿ. ಬೆನ್ನು ಮುರಿದದ್ದನ್ನೇ! ಚೆನ್ನಾಗಿ ಬಂದಿದೆ ಅಂತ ಇಟ್ಕೊಂಡ್ರಂತೆ! ಥೂ, ಇವರ ಬಾಯಿಗೆ ಮಣ್ಣು ಹಾಕ!

ಏನು? ನಾನೇನಂದೆ? ಗಿಡ ಅಂದ್ನಾ? ಯಾವ ಗಿಡ... ಕಾಡಲ್ಲಿ ಗಿಡಕ್ಕೇನು ಬರ? ಸೆಟ್ಟಿನೋರು ಎಲ್ಲೆಂದರಲ್ಲಿ ಗಿಡ ನೆಡೋರು, ನಾನೇನು ಕಂಡೆ ಯಾವುದು ಗುರುತು, ಯಾವುದು... ಬಾಯಿ ಬಿಟ್ಟು ಒಂದು ಮಾತು ಕೇಳು, ಉತ್ತರ ಕೊಡ್ತೀನಿ. ಸುಮ್ಮನೆ ಕೂತು ನೋಡಬೇಡ! ಪೊಲೀಸ್‌ನೋರಾದ್ರೂ ಬಾಯಿಬಿಟ್ಟು ಕೇಳ್ತಾರೆ!

ನಾನೇ ಕಿತ್ತೆ. ಆಯ್ತಾ? ತೃಪ್ತಿ ಆಯ್ತಾ? ಕ್ಯಾಮೆರಾದೋನು ಬಂದು ‘ವರ್ಜಿಲ್, ನಿನ್ನ ಮುಖಕ್ಕೆ ಗಿಡ ಅಡ್ಡ ಬರ್ತಿದೆ, ಬರೀ ಟೋಪಿ ಕಾಣುತ್ತೆ’ ಅಂದ. ಹದಿನೆಂಟು ವರ್ಷ ಕಾದಿದ್ದೆ ನಾನು ಒಂದು ಪೂರಾ ಮುಖಕ್ಕೆ! ಹದಿನೆಂಟು ವರ್ಷ ಜನರ ಬೆನ್ನ ಹಿಂದೆ ನಿಂತು ನಿಂತು ಸಾಕಾಗಿತ್ತು! ಇಳಿದು ಹೋದೆ. ಗಿಡ ಕಿತ್ತೆ. ಕುದುರೆ ಓಡೋ ದಿಕ್ಕಲ್ಲಿ ಮುಂದಕ್ಕೆ ನೆಟ್ಟೆ. ಆರು ಹೆಜ್ಜೆ, ಬರೀ ಆರು ಹೆಜ್ಜೆ. ಹಾಸಿಗೆ ಹದಿನೈದು ಇರುತ್ತೆ, ಆರು ಮುಂದೆ ಹೋದ್ರೇನು, ಇನ್ನೂ ಒಂಬತ್ತು ಉಳಿಯುತ್ತಲ್ಲ ಅಂದ್ಕೊಂಡೆ. ಉಳಿದದ್ದು ಎರಡು ಹೆಜ್ಜೆ! ಕುದುರೆ ತಲೆ ಇಡೋಕೂ ಸಾಲಲಿಲ್ಲ!

ಗುರುತು ಅಂತ ಗೊತ್ತಿತ್ತು. ಗೊತ್ತಿರದೆ ಏನು, ನಿನ್ನೆ ಮೊನ್ನೆ ಬಂದೋನಾ ನಾನು?

ಕೊಡು. ಕೊಡು ಆ ಹಾಳೆ. ಪೆನ್ನೂ ಕೊಡು. ಕಾಣುತ್ತೆ, ಈ ಕನ್ನಡಕದಲ್ಲೇ ಕಾಣುತ್ತೆ, ಸುಳ್ಳು ಹೇಳಿದೆ. ‘ಹೊಸೆ ಓಲ್ವೆರಾ ಆ ಬೆಳಿಗ್ಗೆ ಕುಡಿದಿರಲಿಲ್ಲ.’ ಹೊಸೆ ಅಂತೆ, ನಮಗೆಲ್ಲ ಚೆಪೊ ಆಗಿದ್ದೋನು ಕಾಗದದಲ್ಲಿ ಹೊಸೆ. ಅಷ್ಟೇನಾ ಬರ್ಕೊಂಡು ಬಂದಿರೋದು? ಒಂದೇ ಸಾಲಾ? ಸಾಲಲ್ಲ ಇದು. ತಡಿ, ಕೆಳಗೆ ಬರೀತೀನಿ. ವಾಸನೆ... ನನ್ನ... ಬಾಟ್ಲಿಯದು. ಗುರುತು... ಕಿತ್ತು... ಮುಂದೆ ನೆಟ್ಟವನು... ನಾನು. ವರ್ಜಿಲ್ ಟ್ಯಾಕೆಟ್. ತಗೋ! ಕೆತ್ತಿಸು ಹೋಗು ಅವನ ಹೆಸರು. ನನ್ನ ಹೆಸರಿಗೆ ಊರೆಲ್ಲ ಉಗಿಯಲಿ. ತಗೋ ಅಂದ್ನಲ್ಲ!

...ಯಾಕೆ ಹೀಗೆ ಕೂತಿದ್ದೀಯ?

ಡೆಲ್ಫಿನಾ. ನಾನು ಏನು ಹೇಳಿದೆ ಕೇಳಿಸ್ತಾ? ನಿನ್ನ ಗಂಡ ಇಪ್ಪತ್ತೆರಡು ವರ್ಷ ಗಾಲಿಕುರ್ಚಿಯಲ್ಲಿ ಕೂತದ್ದು ನನ್ನಿಂದ ಅಂದೆ. ಕಾಫಿ ಎತ್ತಿ ಮುಖಕ್ಕೆ ಎರಚಬೇಕಿತ್ತು ನೀನು. ಕೂಗಬೇಕಿತ್ತು. ಬೆಚ್ಚಿಬೀಳಲೂ ಇಲ್ಲ. ಹಾಳೆ ಓದಲೂ ಇಲ್ಲ, ಮಡಚ್ತಿದ್ದೀಯ...

ನಿಂಗೆ ಗೊತ್ತಿತ್ತು.

ಯಾರು ಹೇಳಿದ್ರು? ಅವನಾ? ಅವನಿಗೂ ಗೊತ್ತಿತ್ತಾ? ಯಾವಾಗಿಂದ? ಮೊದಲಿಂದಲೂನಾ? ಅಯ್ಯೋ ಪಾಪಿ! ಗೊತ್ತಿದ್ದೂ ಸುಮ್ಮನಿದ್ನಾ? ಕುಡುಕ ಅಂತ ಬರೆದಾಗಲೂ? ಆಮೇಲೆ ಆ ಕುದುರೆ ಜೀನಿನ ಅಂಗಡೀಲಿ ಕೂತು ಚರ್ಮ ಹೊಲೀತಾ, ನಾನು ಹೊಸ ಸಿನಿಮಾ ಸಿಕ್ತು ಅಂತ ಹೇಳೋಕೆ ಹೋದ್ರೆ ಬೆನ್ನು ತಟ್ಟಿ ನಗ್ತಿದ್ನಲ್ಲ! ಪ್ರತಿ ಕ್ರಿಸ್ಮಸ್ಸಿಗೂ ಬಿಸಿ ಬಿಸಿ ತಮಾಲೆ ಕಳಿಸ್ತಿದ್ರಲ್ಲ ಗಂಡ ಹೆಂಡತಿ! ನಾನು ತಿಂದ್ನಲ್ಲ! ಯಾರು ಕೇಳಿದ್ರು ನಿಮ್ಮ ಒಳ್ಳೇತನ? ಒಂದು ಮಾತು ಹೇಳಿದ್ರೆ ಸಾಕಿತ್ತು, ಗುರುತು ಮುಟ್ಟಿದೋನು ಅಂತ ಗೊತ್ತಾದ್ರೆ ಈ ಊರಲ್ಲಿ ಒಬ್ಬನೂ ನನ್ನನ್ನ ಸೆಟ್ಟಿಗೆ ಸೇರಿಸ್ತಿರಲಿಲ್ಲ. ಹಾಳಾಗಿ ಹೋಗ್ತಿದ್ದೆ. ಹೋಗಲಿ ಅನ್ನಬೇಕಿತ್ತು! ಮುಟ್ಠಾಳ! ಮುಟ್ಠಾಳ ನಿನ್ನ ಗಂಡ!

ಆದ್ರೆ ಒಂದು ಮಾತು ಕೇಳು, ಇದೊಂದು ಕೇಳು. ಅವನು ನೋಡಿದ್ದ! ಇನ್ನೂರು ಹೆಜ್ಜೆ ಆಚೆ ಕುದುರೆ ಮೇಲೆ ಕೂತು ನನ್ನನ್ನೇ ನೋಡ್ತಿದ್ದ. ನಾನು ಗಿಡ ನೆಟ್ಟು ತಲೆ ಎತ್ತಿದೆ, ಅವನು ಟೋಪಿ ಎತ್ತಿ ಆಡಿಸಿದ. ನಾನೂ ಆಡಿಸಿದೆ. ಸರಿ, ಜಾಗ ಬದಲಾಗಿದ್ದು ನೋಡ್ಕೊಂಡಿದ್ದಾನೆ ಅಂತ ನಾನು ಹೋಗಿ ಬಂಡೆ ಹಿಂದೆ ಕೂತೆ. ಇಪ್ಪತ್ತೆರಡು ವರ್ಷ ಇದೊಂದೇ ಮಾತು ಹೇಳ್ಕೊಂಡು ನಿದ್ದೆ ಮಾಡಿದ್ದೀನಿ ನಾನು. ಅವನು ನೋಡಿದ್ದ, ಬೀಳೋ ಮುಂಚೆಯೇ ಅವನಿಗೆ ಗೊತ್ತಿತ್ತು... ಅಲ್ವಾ?

ಅಲ್ವಾ, ಡೆಲ್ಫಿನಾ?

ತಲೆ ಯಾಕೆ ತಗ್ಗಿಸಿದೆ? ಮತ್ತೆ ಟೋಪಿ ಯಾಕೆ ಎತ್ತಿದ ಅವನು? ಆವತ್ತು ಗಾಳಿ ಬೀಸ್ತಿತ್ತು, ಜೋರು ಗಾಳಿ... ಗಿಡ ಗಾಳಿಗೆ ವಾಲಿತ್ತು, ವರ್ಜಿಲ್ ಹೋಗಿ ನೆಟ್ಟಗೆ ಮಾಡಿದ ಅಂದ್ಕೊಂಡ್ನಾ? ಉಪಕಾರ ಆಯ್ತು ಅಂತ ಟೋಪಿ ಎತ್ತಿದ್ನಾ?

ಹೇಳು. ಹೌದು ಅನ್ನು, ಅಲ್ಲ ಅನ್ನು. ಏನಾದ್ರೂ ಅನ್ನೇ ತಾಯಿ!

ಕೂಗಬಹುದಿತ್ತಲ್ಲ ಅಂತ ತಾನೇ ಇಷ್ಟು ಹೊತ್ತು ಸುಮ್ಮನೆ ಕೂತಿರೋದು ನೀನು? ‘ಚೆಪೊ, ಗುರುತು ಸರಿಸಿದ್ದೀನಿ ಕಣೋ’ ಅಂತ ಒಂದು ಕೂಗು. ಕೂಗಬಹುದಿತ್ತು. ಇನ್ನೂರು ಹೆಜ್ಜೆ ಏನು ಮಹಾ, ಕೇಳಿಸ್ತಿತ್ತು. ಅವನಿಗೂ ಕೇಳಿಸ್ತಿತ್ತು, ಡೈರೆಕ್ಟರಿಗೂ ಕೇಳಿಸ್ತಿತ್ತು. ಗಿಡ ವಾಪಸು ಅದರ ಜಾಗಕ್ಕೆ ಹೋಗ್ತಿತ್ತು, ನನ್ನ ಮುಖದ ಮುಂದಕ್ಕೆ. ಅದಕ್ಕೇ ಕೂಗಲಿಲ್ಲ.